ಹುಡುಗಿ ನೋಡಲು ಬಂದ ಸ್ಕಾಲರ್‌ಶಿಪ್

ಕಾಯಿಲೆ ಕಸಾಲೆ, ಅಂಗವೈಕಲ್ಯ ಎಲ್ಲ ಅಪರೂಪವಾದ ಮೇಲೆ, ಅಂಥವರಿಗೆಂದೇ ಇಟ್ಟಿದ್ದ ಸ್ಕಾಲರ್‌ಶಿಪ್‌ಗಳೇ ವಿದ್ಯಾರ್ಥಿಗಳನ್ನು ಹುಡುಕಿಕೊಂಡು ಮನೆಗೆ ಬರುತ್ತಿದ್ದವು. ಇಡೀ ಜಿಲ್ಲೆಗೆ ಗಾಲಿಕುರ್ಚಿಯವಳು ಮಂದಾಕಿನಿ ಒಬ್ಬಳೇ ಆದ್ದರಿಂದ, ಅವಳಮ್ಮ ರತ್ನಮ್ಮನಿಗೆ ಉಪ್ಪಿಟ್ಟು ಕೆದಕಿ ಕೆದಕಿ ರಟ್ಟೆ ಸೋತಿತ್ತು.

ಇವತ್ತು ಬಂದ ಸ್ಕಾಲರ್‌ಶಿಪ್ ಮೊಣಕಾಲೆತ್ತರದ ಒಂದು ಯಂತ್ರ. ಅದು ತಿನ್ನದಿದ್ದರೂ, ಬಂದವರ ಮುಂದೆ ತಟ್ಟೆ ಇಡದಿದ್ದರೆ ಹೇಗೆ?

“ಫೀಸು, ಹಾಸ್ಟೆಲು ಎಲ್ಲ ನಮ್ಮದೇ. ಹುಡುಗಿ ಒಪ್ಪಿದರೆ ಸಾಕು,” ಎಂದಿತು ಯಂತ್ರ.

“ಒಳ್ಳೇ ಸಂಬಂಧ, ಹ್ಞೂಂ ಅನ್ನೇ,” ಎಂದು ರತ್ನಮ್ಮ ಮಗಳನ್ನು ತಿವಿದಳು.

ಮಂದಾಕಿನಿ ಕೇಳಿದಳು: “ಲ್ಯಾಬು ಎಷ್ಟನೇ ಮಹಡಿ?”

“ಮೂರನೇದು.”

“ಲಿಫ್ಟು?”

ಯಂತ್ರ ಕೆಮ್ಮಿತು. “ಹುಡುಗರು ಎತ್ಕೊಂಡು ಹೋಗ್ತಾರೆ. ತುಂಬ ಒಳ್ಳೇ ಹುಡುಗರು.”

ರತ್ನಮ್ಮ ಉಪ್ಪಿಟ್ಟಿನ ತಟ್ಟೆ ಎತ್ತಿಕೊಂಡಳು. “ಆಗಲಿ, ಯೋಚನೆ ಮಾಡಿ ಹೇಳಿ ಕಳಿಸ್ತೀವಿ.”