ಹೊಸ್ತಿಲಲ್ಲಿ ಬಿದ್ದ ಬಿರುಕು

ಇನ್ನೊಂದು ಸುತ್ತು ತಿರುಗಿಸಲೇ, ಅಥವಾ ಅದೂ ಅವಸರವಾದೀತೇ? ಅಡಿವೆಪ್ಪ ಮನೆ ತಣಿಸುವ ಚಕ್ರ ಹಿಡಿದು ಯೋಚಿಸಿದ.

ಆ ಊರಲ್ಲಿ ವರ್ಷಕ್ಕೊಮ್ಮೆ ಎಲ್ಲರೂ ತಮ್ಮ ಮನೆಯನ್ನು ಕಾಯಿಸಿ, ಚಕ್ರ ತಿರುಗಿಸುತ್ತ ಮತ್ತೆ ತಣಿಸಬೇಕು. ನಿಧಾನವಾಗಿ ತಣಿದರೆ ಮನೆಯೆಲ್ಲ ಒಂದಾಗಿ ನೆಲೆಗೊಳ್ಳುತ್ತದೆ. ಆತುರಪಟ್ಟರೆ ಒಂದೊಂದು ಕೋಣೆ ಒಂದೊಂದು ಬಗೆಯಾಗಿ, ನಡುವೆ ಬಿರುಕು ಉಳಿಯುತ್ತದೆ. ಆಗ ಆ ಕಡೆ ಇದ್ದವರ ಮಾತು ಈ ಕಡೆಯವರಿಗೆ ವರ್ಷವಿಡೀ ಕೇಳುವುದಿಲ್ಲ.

ಹೋದ ವರ್ಷ ಅವನು ಕ್ರಿಕೆಟ್ ನೋಡುವ ಗಡಿಬಿಡಿಯಲ್ಲಿ ಚಕ್ರವನ್ನು ಗರಗರ ತಿರುಗಿಸಿದ್ದ. ಅಂದಿನಿಂದ ಪಡಸಾಲೆಯಲ್ಲಿದ್ದ ಅಣ್ಣ ಫಕ್ಕೀರಪ್ಪನ ದನಿಯೇ ಅವನಿಗೆ ಕೇಳಿರಲಿಲ್ಲ. ಚಕ್ರ ತಿರುಗಿದ ಆ ಗಳಿಗೆಯಲ್ಲಿ ಅಡುಗೆಮನೆ ಹೊಸ್ತಿಲ ಮೇಲೆ, ಸರಿಯಾಗಿ ಬಿರುಕಿನಲ್ಲೇ ನಿಂತಿದ್ದ ಅಣ್ಣನ ಹೆಂಡತಿ, ವೈನಿಗೆ ಮಾತ್ರ ಇಬ್ಬರ ಮಾತೂ ಕೇಳುತ್ತಿತ್ತು.

"ಅಣ್ಣ ಏನಂತಾನ್ರೀ ವೈನಿ?" ಎಂದಾಗಲೆಲ್ಲ ಅವರು, "ಊಟ ಆತೇನು ಅಂತ ಕೇಳಾಕತ್ತಾರ" ಎನ್ನುತ್ತಿದ್ದರು; ಅವನ "ಊಟ ಆತು" ಎಂಬ ಉತ್ತರವನ್ನು ಅಣ್ಣನಿಗೆ ಮುಟ್ಟಿಸುತ್ತಿದ್ದರು.

ಅವನು ಕೊನೆಯ ಸುತ್ತನ್ನು ಉಸಿರು ಬಿಗಿಹಿಡಿದು ಮುಗಿಸಿದ. ಪಡಸಾಲೆಯಿಂದ ದನಿ ಬಂತು.

"ಲೇ ಮಂಗ್ಯಾ! ವರ್ಷದಿಂದ ಬೈಯಾಕತ್ತೀನಿ, ಬರೇ ಊಟ ಆತು, ಊಟ ಆತು ಅಂತೀಯಲ್ಲೋ!"

ಅಡಿವೆಪ್ಪ ಕಣ್ಣೊರೆಸಿಕೊಂಡು ನಕ್ಕ. ವೈನಿ ತಲೆ ಎತ್ತದೆ ರೊಟ್ಟಿ ಬಡಿಯುತ್ತಿದ್ದರು.

ಅಷ್ಟೂ ಬೈಗುಳವನ್ನು ನಿಮ್ಮಲ್ಲೇ ಇಟ್ಟುಕೊಂಡಿರಿ, ದೊಡ್ಡ ಉಪಕಾರವಾಯಿತು ಎಂದು ಅವನು ಅವರಿಗೆ ಎಂದೂ ಹೇಳಲಿಲ್ಲ.