ನಾನು ಚಿವುಟದೆ ಬಿಟ್ಟ ಸಾಲು

ಕಡಲೆ ಸೊಪ್ಪು ಬಿಡಿಸುವಾಗ ಬೆರಳಿಗಂಟುವ ಹುಳಿ ವಾಸನೆ ಈಗಲೂ ನನ್ನನ್ನು ಮುನವಳ್ಳಿಯ ನಮ್ಮ ಹೊಲಕ್ಕೆ ಕರೆದೊಯ್ಯುತ್ತದೆ.

ನಮ್ಮೂರಿನ ಪುಟ್ಟ ಕ್ರೈಸ್ತ ಸಭೆಯ ಭಾನುವಾರದ ಪ್ರಾರ್ಥನೆಯಲ್ಲಿ ಹಾಡು ಎತ್ತಿಕೊಡುತ್ತಿದ್ದವಳು ಮಾರ್ತಕ್ಕ. ಒಂದು ಶನಿವಾರ ಮುಂಜಾನೆ ಅವಳೂ ಅವಳ ಮನೆಯವರೂ ಊರು ಬಿಟ್ಟು ಯರಗಟ್ಟಿಗೆ ಹೋದರು. ಮಧ್ಯಾಹ್ನ ಎಲ್ಲರೂ ಆಯಿ ಎಂದು ಕರೆಯುತ್ತಿದ್ದ ನಮ್ಮಜ್ಜಿ ಕಡಲೆಯ ಕುಡಿ ಚಿವುಟಲು ನನ್ನನ್ನು ಕರೆದೊಯ್ದಳು. ಎಳೆಯ ತುದಿ ಕಿತ್ತರೆ ಗಿಡಕ್ಕೆ ನೋಯುತ್ತದೆಂದು ನಾನು ಬದುವಿನ ಪಕ್ಕದ ಒಂದು ಸಾಲನ್ನು ಮುಟ್ಟಲೇ ಇಲ್ಲ.

"ನಾಳಿ ಹಾಡ ಯಾರ ಹೇಳತಾರ ಆಯಿ? ನಮ್ಮ ಸಭಿ ಮುಗೀತಲ್ಲ," ಎಂದೆ.

ಆಯಿ ಕುಡಿಗಳನ್ನು ಉಡಿಗೆ ತುಂಬಿಕೊಳ್ಳುತ್ತ, "ನಾಕ ವಾರ ತಡಿಯವಾ. ಈ ಹೊಲಾನ ಹೇಳತೈತಿ," ಎಂದಳು.

ನಾಲ್ಕು ವಾರ ಕಳೆದು ಇನ್ನೊಂದು ಶನಿವಾರ ಹೊಲಕ್ಕೆ ಹೋದಾಗ, ಚಿವುಟಿದ ಗಿಡಗಳೆಲ್ಲ ಕವಲೊಡೆದು ನೆಲ ಕಾಣದಂತೆ ಹಬ್ಬಿದ್ದವು. ನಾನು ಕಾಪಾಡಿದ ಸಾಲು ಮಾತ್ರ ಬರೀ ಕಡ್ಡಿಯಾಗಿ ನೀಳಕ್ಕೆ ನಿಂತಿತ್ತು. ಆಯಿ ಬೈಯಲಿಲ್ಲ; ಚಿವುಟಿದ ಒಂದು ಗಿಡದ ಕವಲುಗಳನ್ನು ಒಂದೊಂದಾಗಿ ಎಣಿಸಿ ತೋರಿಸಿದಳು.

"ಮಾರ್ತಕ್ಕ ಯರಗಟ್ಟ್ಯಾಗ ತನ್ನ ಮನ್ಯಾಗ ಪ್ರಾರ್ಥನಾ ಚಾಲೂ ಮಾಡ್ಯಾಳಂತ. ಒಂಬತ್ತ ಮಂದಿ ಕೂಡತಾರಂತ," ಎಂದಷ್ಟೇ ಹೇಳಿದಳು.

ಮರುದಿನ ಸಭೆಯಲ್ಲಿ ಹಾಡಿನ ಹೊತ್ತಿಗೆ ಎಲ್ಲರೂ, ಮಾರ್ತಕ್ಕ ಹೋದಾಗಿನಿಂದ ಮಾಡುತ್ತಿದ್ದಂತೆ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಯಿ ನನ್ನ ಬೆನ್ನು ಮುಟ್ಟಿದಳು. ನಾನು ಎದ್ದು ನಿಂತು ಹಾಡು ಎತ್ತಿಕೊಟ್ಟೆ.