ತಿಕ್ಕಿದ ತಂಬಿಗೆ

ಎದುರಿಗೆ ಆಡಿದ ಮಾತು ಹಿತ್ತಾಳೆಯ ಮೈಯಲ್ಲಿ ಕೂತುಬಿಡುತ್ತದೆ, ಹುಳಿ ಹಚ್ಚಿ ತಿಕ್ಕಿದರೆ ಮಾತ್ರ ಹೋಗುತ್ತದೆ ಎಂದು ಗೊತ್ತಾದಂದಿನಿಂದ ಸತ್ತವರ ಪಾತ್ರೆಯನ್ನು ವರ್ಷದವರೆಗೆ ಯಾರೂ ತಿಕ್ಕುತ್ತಿರಲಿಲ್ಲ. ಆ ಮಾತು ಕೇಳುವ ಯಂತ್ರವನ್ನು ಮನೆಮನೆಯಲ್ಲೂ ಮಾಡಿಕೊಳ್ಳುತ್ತಿದ್ದರು. ಗಂಡನ ತಿಂಗಳ ಕಾರ್ಯ ಮುಗಿದ ಮರುದಿನ ಬಸಲಿಂಗವ್ವನೂ ಮಾಡಲು ಕೂತಳು. ಎಣ್ಣೆ ಲಾಳಿಕೆಯ ಬಾಯಿಗೆ ಬಲೂನಿನ ರಬ್ಬರು ಬಿಗಿದು ಹೊಲಿಗೆ ಸೂಜಿ ಅಂಟಿಸಿದಳು. ಡಬ್ಬಿಯ ಮುಚ್ಚಳದಲ್ಲಿ ಗೋಲಿಗಳನ್ನು ಹರಡಿ ಮೇಲೊಂದು ತಟ್ಟೆ ಇಟ್ಟಳು. ಬೆರಳಿನಿಂದ ತಳ್ಳಿದಾಗ ತಟ್ಟೆ ಗಿರಗಿರನೆ ತಿರುಗಿತು.

"ಕಸ್ತೂರೀ, ನಿಮ್ಮಣ್ಣನ ತಂಬಿಗಿ ತಗೊಂಡು ಬಾ."

ನಾದಿನಿ ತಂದ ತಂಬಿಗೆ ಬಂಗಾರದಂತೆ ಹೊಳೆಯುತ್ತಿತ್ತು.

"ಯಾಕ ವೈನಿ, ಹಂಗ್ಯಾಕ ನೋಡ್ತೀರಿ? ನಿನ್ನೆ ಮಂದಿ ಬರೋರಿದ್ರು, ಮಸಕಾಗಿತ್ತಂತ ಹುಣಸಿಹಣ್ಣು ಹಚ್ಚಿ..." ಎನ್ನುತ್ತಲೇ ಕಸ್ತೂರಿ ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಓಡಿದಳು.

ಗಂಡನ ಇಪ್ಪತ್ತೊಂಬತ್ತು ವರ್ಷದ "ಚಾ ಆತೇನ?" ಬಚ್ಚಲಲ್ಲಿ ಹರಿದುಹೋಗಿತ್ತು.

ಆದರೂ ಬಸಲಿಂಗವ್ವ ತಂಬಿಗೆಯನ್ನು ತಟ್ಟೆಯ ಮೇಲಿಟ್ಟು, ಸೂಜಿ ತಾಗಿಸಿ ತಿರುಗಿಸಿದಳು. ಲಾಳಿಕೆಗೆ ಕಿವಿ ಇಟ್ಟಳು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಲಾಳಿಕೆಯೊಳಗಿಂದ, ತೊಳೆದ ತಂಬಿಗೆಯನ್ನು ಬಟ್ಟೆಯಿಂದ ಒರೆಸುವ ಸದ್ದು, ಅದರ ನಡುವೆ ಬಿಕ್ಕಳಿಸುವ ಕಸ್ತೂರಿಯ ದನಿ: "ಅಣ್ಣಾ, ಮಂದಿ ಮುಂದ ನಿನ್ನ ತಂಬಿಗಿ ಮಸಕ ಕಾಣಬಾರದೋ ಅಣ್ಣಾ..."

ಬಸಲಿಂಗವ್ವ ಅಂಗೈಯಿಂದ ತಟ್ಟೆ ನಿಲ್ಲಿಸಿದಳು. ಎದ್ದು ಹಿತ್ತಲ ಬಾಗಿಲಿಗೆ ಬಂದಳು.

"ಒಳಗ ಬಾರವ್ವ. ನೀ ಅವರನ್ನ ಕರದದ್ದಾದ್ರೂ ಅದರಾಗ ಉಳದೈತಿ. ಇನ್ನ ತಿಕ್ಕಬ್ಯಾಡ."